ಬಂಡೆ, ಮಿದುಳು, ಜಲಜನಕ: ಗೌರಿಬಿದನೂರು–ಚಿಂತಾಮಣಿ ಸೀಮೆಯ ಸಂಶೋಧನಾ ಚರಿತ್ರೆ

ಗೌರಿಬಿದನೂರಿನ ಹೆಸರು ಜಗತ್ತಿನ ವಿಜ್ಞಾನ ಪತ್ರಿಕೆಗಳಲ್ಲಿ ಕಾಣಿಸಿಕೊಂಡದ್ದು 1965ರ ನಂತರ. ಆಗ ಚಿಕ್ಕಬಳ್ಳಾಪುರ ಎಂಬ ಜಿಲ್ಲೆ ಇರಲಿಲ್ಲ. ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಬಾಗೇಪಲ್ಲಿ, ಗುಡಿಬಂಡೆ ತಾಲ್ಲೂಕುಗಳೆಲ್ಲ ಕೋಲಾರ ಜಿಲ್ಲೆಯಲ್ಲಿದ್ದವು. ಅವು ಬೇರೆಯಾಗಿ ಹೊಸ ಜಿಲ್ಲೆಯಾದದ್ದು 2007ರಲ್ಲಿ. ಮಳೆಯನ್ನೇ ನಂಬಿದ ರಾಗಿ, ಕೆರೆ ಬಯಲಿನ ಒಂದಿಷ್ಟು ಭತ್ತ, ಹಿಪ್ಪುನೇರಳೆ, ರೇಷ್ಮೆಗೂಡು, ಕಲ್ಲುಕೆಲಸ ಈ ಸೀಮೆಯ ಬದುಕು. ವರ್ಷವಿಡೀ ಹರಿಯುವ ನದಿ ಇಲ್ಲ. ನಂದಿಯ ಬೆಟ್ಟಸಾಲಿನಲ್ಲಿ ಹುಟ್ಟುವ ಉತ್ತರ ಪಿನಾಕಿನಿಯಲ್ಲಿ ನೀರಿಗಿಂತ ಮರಳು ಕಂಡ ವರ್ಷಗಳೇ ಹೆಚ್ಚು. ಇಂಥ ನೆಲಕ್ಕೆ ಸಂಶೋಧಕರು ಬಂದದ್ದು ಅದರ ಬಡತನವನ್ನು ನೋಡಲು ಅಲ್ಲ. ಅವರಿಗೆ ಬೇಕಿದ್ದದ್ದು ಗಟ್ಟಿ ಬಂಡೆ, ಗದ್ದಲವಿಲ್ಲದ ಬಯಲು, ಬೆಳಿಗ್ಗೆ ಬೆಂಗಳೂರು ಬಿಟ್ಟರೆ ಸಂಜೆಗೆ ಮರಳಬಹುದಾದ ದೂರ. ಮೂರೂ ಇಲ್ಲಿದ್ದವು.

ಮೊದಲು ಬಂದದ್ದು ಅಣುಶಕ್ತಿ ಇಲಾಖೆ. ಅಣ್ವಸ್ತ್ರ ಪರೀಕ್ಷೆಗಳು ನೆಲದಡಿಗೆ ಇಳಿದ ಕಾಲವದು. ವಾತಾವರಣದಲ್ಲಿ ಸ್ಫೋಟಿಸಿದರೆ ವಿಕಿರಣ ಗಾಳಿಯಲ್ಲಿ ತೇಲಿ ಬಂದು ಗುಟ್ಟು ರಟ್ಟು ಮಾಡುತ್ತದೆ. ನೆಲದಡಿ ಸ್ಫೋಟಿಸಿದರೆ ಉಳಿಯುವುದು ಬಂಡೆಯೊಳಗೆ ಸಾಗುವ ನಡುಕವೊಂದೇ. ಆ ನಡುಕವನ್ನು ಸಾವಿರಾರು ಕಿಲೋಮೀಟರ್ ಆಚೆ ಹಿಡಿಯಲು, ಅದು ಭೂಕಂಪವೋ ಬಾಂಬೋ ಎಂದು ಬೇರ್ಪಡಿಸಲು, ಒಂದು ಮಾಪಕ ಸಾಲದು. ಮೈಲಿಗಟ್ಟಲೆ ಹರಡಿದ ಮಾಪಕಗಳ ಸಾಲು ಬೇಕು. ಬ್ರಿಟನ್ನಿನ ಅಣುಶಕ್ತಿ ಪ್ರಾಧಿಕಾರದ ಸಹಕಾರದಿಂದ ಈ ಇಲಾಖೆಯ ಟ್ರಾಂಬೆ ಕೇಂದ್ರದ ವಿಜ್ಞಾನಿಗಳು ಗೌರಿಬಿದನೂರಿನ ಸುತ್ತ 20 ಭೂಕಂಪಮಾಪಕಗಳನ್ನು ಇಂಗ್ಲಿಷಿನ ಎಲ್ ಅಕ್ಷರದಂತೆ ಎರಡು ತೋಳುಗಳಲ್ಲಿ ನೆಟ್ಟರು. ಸ್ಕಾಟ್ಲೆಂಡಿನ ಎಸ್ಕ್‌ಡೇಲ್‌ಮೂರ್, ಕೆನಡಾದ ಯೆಲ್ಲೋನೈಫ್, ಆಸ್ಟ್ರೇಲಿಯಾದ ವಾರಮುಂಗಾ ಇದೇ ಮಾದರಿಯ ಒಡಹುಟ್ಟುಗಳು. ಧಾರವಾಡ ಶಿಲಾಸ್ತೋಮದ ಇನ್ನೂರೈವತ್ತು ಕೋಟಿ ವರ್ಷಕ್ಕೂ ಹಳೆಯ ಬಂಡೆ ನಡುಕವನ್ನು ಮಸುಕಾಗದಂತೆ ಒಯ್ಯುತ್ತದೆ, ಸಮುದ್ರದಲೆಗಳ ಸದ್ದು ಇಲ್ಲಿಗೆ ತೀರ ಕಡಿಮೆ ತಲುಪುತ್ತದೆ. 1998ರ ಮೇ ತಿಂಗಳಲ್ಲಿ ಪಾಕಿಸ್ತಾನ ಚಾಗೈ ಬೆಟ್ಟದಲ್ಲಿ ಪರೀಕ್ಷೆ ನಡೆಸಿದಾಗ ಅದರ ಅಲೆ ದಾಖಲಾದ ಕಡೆಗಳಲ್ಲಿ ಗೌರಿಬಿದನೂರೂ ಒಂದು. ಹೊಲದ ನಡುವಿನ ಬೇಲಿಯೊಳಗೆ ಏನಿದೆ ಎಂಬುದು ಮಾತ್ರ ಅಕ್ಕಪಕ್ಕದ ಹಳ್ಳಿಗಳಿಗೆ ಬಹುಕಾಲ ಊಹೆಯ ಮಾತಾಗಿತ್ತು.

ಹತ್ತು ವರ್ಷ ಕಳೆದ ಮೇಲೆ ಮಾಪಕಗಳು ಆಕಾಶದ ಕಡೆ ತಿರುಗಿದವು. ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಭೌತ ಸಂಸ್ಥೆ ಸೇರಿ 1976ರಲ್ಲಿ ಗೌರಿಬಿದನೂರಿನ ಬಳಿ ರೇಡಿಯೊ ದೂರದರ್ಶಕವನ್ನು ಚಾಲೂ ಮಾಡಿದವು. ಗುಮ್ಮಟವಿಲ್ಲ, ಬೋಗುಣಿಯಂಥ ತಟ್ಟೆಯಿಲ್ಲ. ಟಿ ಆಕಾರದಲ್ಲಿ ಕಂಬಗಳ ಮೇಲೆ ಬಿಗಿದ 1,000 ತಂತಿ ಆಂಟೆನಾಗಳು, ಅಷ್ಟೇ. ಅದು ಆಲಿಸಿದ್ದು 34.5 ಮೆಗಾಹರ್ಟ್ಸ್ ಕಂಪನಾಂಕವನ್ನು, ಅಂದರೆ ಸುಮಾರು 8.7 ಮೀಟರ್ ಉದ್ದದ ಅಲೆಗಳನ್ನು. ಇದರ ನೆರವಿನಿಂದ ಕೆ.ಎಸ್. ದ್ವಾರಕಾನಾಥ್ ಮತ್ತು ಎನ್. ಉದಯಶಂಕರ್ 1990ರಲ್ಲಿ ಪ್ರಕಟಿಸಿದ ಆಕಾಶ ನಕ್ಷೆಯನ್ನು ಇಷ್ಟು ಕೆಳಗಿನ ಕಂಪನಾಂಕದಲ್ಲಿ ಕೆಲಸ ಮಾಡುವವರು ಇಂದಿಗೂ ತೆಗೆದು ನೋಡುತ್ತಾರೆ. 1997ರಲ್ಲಿ ಅದೇ ಆವರಣಕ್ಕೆ ಸೂರ್ಯನಿಗೆಂದೇ ಮೀಸಲಾದ ರೇಡಿಯೊ ಚಿತ್ರಗ್ರಾಹಕ ಬಂತು. ಸೂರ್ಯನ ಹೊರಕವಚವಾದ ಕರೋನಾ ಬಹುಪಾಲು ಬಿಸಿಯಾಗಿ ಒಡೆದ ಹೈಡ್ರೋಜನ್ನೇ. ಬರಿಗಣ್ಣಿಗೆ ಅದು ಕಾಣುವುದು ಪೂರ್ಣ ಗ್ರಹಣದಲ್ಲಿ ಮಾತ್ರ. ರೇಡಿಯೊ ಅಲೆಗಳಲ್ಲಾದರೆ ಪ್ರತಿ ಹಗಲೂ ನೋಡಬಹುದು. ಹೀಗೆ ಬಯಲುಸೀಮೆಯ ಬಿಸಿಲಿನ ಮೂಲವನ್ನು ಬಯಲುಸೀಮೆಯಲ್ಲೇ ದಿನದಿನವೂ ಅಳೆಯುವ ಕೆಲಸ ಶುರುವಾಯಿತು.

ಈ ಎರಡೂ ಕೆಲಸಗಳಿಗೆ ಊರು ಬೇಕಿತ್ತೇ ಹೊರತು ಊರಿನ ಜನ ಬೇಕಿರಲಿಲ್ಲ. ಜನರನ್ನೇ ಅಳೆಯಲು ಬಂದದ್ದು ಮಿದುಳಿನ ವಿಜ್ಞಾನ. ಆ ಕಥೆಗೆ ಬೆಂಗಳೂರಿನಿಂದ ಶುರುಮಾಡಬೇಕು.

ಬೆಂಗಳೂರಿನಲ್ಲಿ ಹತ್ತೊಂಬತ್ತನೆಯ ಶತಮಾನದ ನಡುವಿನಿಂದಲೇ ಹುಚ್ಚರ ಆಸ್ಪತ್ರೆ ಎಂದು ಕರೆಸಿಕೊಂಡ ಸಂಸ್ಥೆಯಿತ್ತು. 1925ರಲ್ಲಿ ಅದು ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆಯಾಯಿತು. 1930ರ ದಶಕದಲ್ಲಿ ಹೊಸೂರು ರಸ್ತೆಯ ಈಗಿನ ಜಾಗಕ್ಕೆ ಬಂತು. ಮಿದುಳಿಗೆ ಕತ್ತಿ ತಾಗಿಸುವ ಧೈರ್ಯ ಇಲ್ಲಿ ಮೊದಲು ಕಾಣಿಸಿದ್ದು ಮನೋರೋಗದ ಹೆಸರಿನಲ್ಲಿ. ಡಾ. ಎಂ.ವಿ. ಗೋವಿಂದಸ್ವಾಮಿ ಮತ್ತು ಶಸ್ತ್ರವೈದ್ಯ ಡಾ. ಬಿ.ಎನ್. ಬಾಲಕೃಷ್ಣರಾವ್ ಮಿದುಳಿನ ಮುಂಭಾಗದ ನರತಂತುಗಳನ್ನು ಕತ್ತರಿಸುವ ಲ್ಯೂಕಾಟಮಿಯನ್ನು ಭಾರತೀಯ ರೋಗಿಗಳಲ್ಲಿ ಮಾಡಿದ ಅನುಭವವನ್ನು 1944ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ರಕ್ತಸ್ರಾವ, ಫಿಟ್ಸು, ಸ್ವಭಾವವೇ ಮಂಕಾಗುವುದು ಆ ಶಸ್ತ್ರಕ್ರಿಯೆಯ ಜೊತೆಗೇ ಬರುತ್ತಿದ್ದ ತೊಡಕುಗಳು. ಔಷಧಗಳು ಬಂದ ಮೇಲೆ ಜಗತ್ತು ಅದನ್ನು ಕೈಬಿಟ್ಟಿತು, ಬಿಡಬೇಕಾದದ್ದೇ. ಆದರೂ ಶಸ್ತ್ರಕ್ರಿಯೆಯ ಫಲದಷ್ಟೇ ಅದರ ಕೆಡುಕನ್ನೂ ಬರೆದಿಡಬೇಕು ಎಂಬ ಪಾಠ ಕಲಿಸಿದ್ದು ಇಂಥ ಪ್ರಯೋಗಗಳೇ.

1954ರಲ್ಲಿ ಆಸ್ಪತ್ರೆಯ ಪಕ್ಕದಲ್ಲೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. ಗೋವಿಂದಸ್ವಾಮಿಯವರೇ ಮೊದಲ ನಿರ್ದೇಶಕರು. ವೆಲ್ಲೂರಿನಲ್ಲಿ ಜೇಕಬ್ ಚಾಂಡಿ 1949ರಲ್ಲಿ, ಮದ್ರಾಸಿನಲ್ಲಿ ಬಿ. ರಾಮಮೂರ್ತಿ ಅದರ ಬೆನ್ನಿಗೇ ನರಶಸ್ತ್ರಚಿಕಿತ್ಸೆಯನ್ನು ನೆಲೆಗೊಳಿಸಿದ್ದರು. ಬೆಂಗಳೂರಿನಲ್ಲಿ 1950ರ ದಶಕದ ಕೊನೆಗೆ ಆ ಹೊಣೆ ಹೊತ್ತವರು ಡಾ. ಆರ್.ಎಂ. ವರ್ಮ. ಪಾರ್ಕಿನ್ಸನ್ ರೋಗದ ನಡುಕ ನಿಲ್ಲಿಸಲು ಅವರು ತಲೆಬುರುಡೆ ಕೊರೆಯದೆ, ಕೆನ್ನೆಯ ಮೂಲಕ ಸೂಜಿ ತೂರಿಸಿ, ಬುರುಡೆಯ ತಳದಲ್ಲಿ ಹುಟ್ಟಿನಿಂದಲೇ ಇರುವ ರಂಧ್ರವೊಂದರಿಂದ ಮಿದುಳಿನ ಆಳಕ್ಕೆ ಮುಟ್ಟುವ ದಾರಿ ಕಂಡುಕೊಂಡರು. ಸಿ.ಟಿ. ಸ್ಕ್ಯಾನ್ ಇನ್ನೂ ಹುಟ್ಟಿರದ ಕಾಲವದು. ಲಂಡನ್ನಿನಲ್ಲಿ ಮೊದಲ ರೋಗಿಯ ತಲೆಯನ್ನು ಅದರಿಂದ ನೋಡಿದ್ದು 1971ರಲ್ಲಿ. ಕಣ್ಣಿಗೆ ಕಾಣದ ದಾರಿಯಲ್ಲಿ ಹೋಗುವ ಸೂಜಿ ಒಂದು ಸಣ್ಣ ರಕ್ತನಾಳವನ್ನು ಗೀರಿದರೂ ಒಳಗೆ ರಕ್ತಸ್ರಾವ. ಕೈಯಳತೆ ತಪ್ಪದ ಅನುಭವವೊಂದೇ ಆಗಿನ ರಕ್ಷಣೆ. 1974ರಲ್ಲಿ ಆಸ್ಪತ್ರೆಯೂ ಸಂಸ್ಥೆಯೂ ಒಂದಾಗಿ ನಿಮ್ಹಾನ್ಸ್ ಆಯಿತು.

ಮಿದುಳಿನ ರಕ್ತಸ್ರಾವ ಒಂದೇ ಬಗೆಯದಲ್ಲ. ರಕ್ತದೊತ್ತಡ ಹಲವು ವರ್ಷ ಹಿಡಿತ ತಪ್ಪಿದ್ದರೆ ಮಿದುಳಿನ ಆಳದ ಸಣ್ಣ ನಾಳ ಸವೆದು ಒಡೆಯುತ್ತದೆ. ದೊಡ್ಡ ನಾಳದ ಗೋಡೆ ಗುಳ್ಳೆಯಂತೆ ಉಬ್ಬಿ ಒಡೆದರೆ ಮಿದುಳಿನ ಹೊದಿಕೆಗಳ ನಡುವೆ ರಕ್ತ ಹರಡುತ್ತದೆ. ತಲೆಗೆ ಪೆಟ್ಟು ಬಿದ್ದವರಲ್ಲಿ ಹೊದಿಕೆಯ ಕೆಳಗೆ ಗಡ್ಡೆಗಟ್ಟುತ್ತದೆ. ಮುದುಕರಲ್ಲಿ ಎಂದೋ ಜಾರಿಬಿದ್ದದ್ದು ವಾರಗಳ ನಂತರ ಮಂಪರಾಗಿ ತೋರುವುದೂ ಉಂಟು. ಹಳ್ಳಿಗಳಲ್ಲಿ ಮೊದಲನೆಯದಕ್ಕೂ, ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿಕೊಳ್ಳುವುದಕ್ಕೂ ಒಂದೇ ಹೆಸರು: ಲಕ್ವ ಹೊಡೆಯಿತು. ಚಿಕಿತ್ಸೆ ಮಾತ್ರ ಒಂದಕ್ಕೊಂದು ವಿರುದ್ಧ. ಹೆಪ್ಪು ಕರಗಿಸುವ ಔಷಧವನ್ನು ರಕ್ತ ಸುರಿಯುತ್ತಿರುವ ಮಿದುಳಿಗೆ ಕೊಟ್ಟರೆ ಸಾವು ಹತ್ತಿರವಾಗುತ್ತದೆ. ಯಾವುದು ಯಾವುದೆಂದು ಹೇಳಲು ಸ್ಕ್ಯಾನ್ ಬೇಕೇ ಬೇಕು. ಇನ್ನು ಗಡ್ಡೆಯನ್ನು ತೆರೆದು ತೆಗೆಯುವುದರಿಂದ ಲಾಭವಿದೆಯೇ ಎಂಬುದೂ ಸುಲಭದ ಪ್ರಶ್ನೆಯಾಗಿರಲಿಲ್ಲ. ಹಲವು ದೇಶಗಳಲ್ಲಿ ನಡೆದು 2005ರಲ್ಲಿ ಪ್ರಕಟವಾದ ಸ್ಟಿಚ್ ಎಂಬ ದೊಡ್ಡ ಪ್ರಯೋಗದಲ್ಲಿ, ಎಲ್ಲ ರೋಗಿಗಳನ್ನೂ ಒಟ್ಟಾಗಿ ನೋಡಿದಾಗ ಬೇಗನೆ ಶಸ್ತ್ರಕ್ರಿಯೆ ಮಾಡಿದ್ದರಿಂದ ಹೆಚ್ಚಿನ ಲಾಭ ಕಾಣಲಿಲ್ಲ. ಆಳಕ್ಕೆ ಹೋಗುವಾಗ ಆರೋಗ್ಯವಾಗಿದ್ದ ಮಿದುಳೂ ಗಾಯಗೊಳ್ಳುತ್ತದೆ. ಮತ್ತೆ ರಕ್ತಸ್ರಾವ, ಸೋಂಕು, ಮಿದುಳಿನೊಳಗೆ ನೀರು ತುಂಬುವುದು, ತಿಂಗಳುಗಳ ನಂತರ ಫಿಟ್ಸು ಇವೆಲ್ಲ ಹಿಂದೆಯೇ ಬರಬಹುದು. ಮಿದುಳಿನ ಶಸ್ತ್ರಕ್ರಿಯೆಯ ತೊಡಕುಗಳ ಅಧ್ಯಯನ ಆಪರೇಷನ್ ಕೋಣೆಯಲ್ಲಿ ಮುಗಿಯದಿರುವುದು ಇದರಿಂದಲೇ. ರೋಗಿ ಊರಿಗೆ ಮರಳಿದ ಮೇಲೆ ಏನಾದ ಎಂದು ತಿಳಿಯದಿದ್ದರೆ ಲೆಕ್ಕ ಅರ್ಧಕ್ಕೇ ನಿಂತಂತೆ.

ಊರಿಗೆ ಹೋಗಿ ನೋಡುವ ಕೆಲಸ ನಡೆದದ್ದು ಗೌರಿಬಿದನೂರಿನಲ್ಲಿ. 1980ರ ದಶಕದಲ್ಲಿ ನಿಮ್ಹಾನ್ಸ್‌ನ ನರರೋಗ ತಜ್ಞೆ ಡಾ. ಎಂ. ಗೌರಿದೇವಿ ಮತ್ತು ಸಂಗಡಿಗರು ಗೌರಿಬಿದನೂರು ಪಟ್ಟಣ ಮತ್ತು ಸುತ್ತಲ ಹಳ್ಳಿಗಳಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಜನರ ಮನೆಮನೆ ಸಮೀಕ್ಷೆ ನಡೆಸಿದರು. ಅದರ ವರದಿ 1987ರಲ್ಲಿ ಪ್ರಕಟವಾಯಿತು. ಅಲ್ಲಿಯವರೆಗೆ ಭಾರತದಲ್ಲಿ ನರರೋಗಗಳ ಬಗ್ಗೆ ಗೊತ್ತಿದ್ದದ್ದು ಬಹುಪಾಲು ದೊಡ್ಡಾಸ್ಪತ್ರೆಗಳ ದಾಖಲೆಗಳಿಂದ. ಆಸ್ಪತ್ರೆಗೆ ಬಂದವರ ಪಟ್ಟಿ ರೋಗದ ನಿಜವಾದ ಹರಹನ್ನು ತೋರಿಸುವುದಿಲ್ಲ, ಬಸ್ಸಿನ ಖರ್ಚು ಹೊಂದಿಸಿಕೊಂಡವರನ್ನು ತೋರಿಸುತ್ತದೆ. ಆದ್ದರಿಂದ ವಿಧಾನ ಬದಲಾಯಿತು. ತರಬೇತಾದ ಕಾರ್ಯಕರ್ತರು ಮನೆಯ ಪ್ರತಿಯೊಬ್ಬರ ಬಗ್ಗೆ ಕೆಲವು ಪ್ರಶ್ನೆ ಕೇಳುವುದು: ಎಚ್ಚರ ತಪ್ಪಿ ಕೈಕಾಲು ಸೆಳೆದದ್ದುಂಟೆ, ಒಂದು ಕಡೆ ಸ್ವಾಧೀನ ತಪ್ಪಿದ್ದುಂಟೆ, ಮಾತು ತೊದಲಿದ್ದುಂಟೆ. ಹೌದು ಎಂದವರನ್ನು ಆಮೇಲೆ ನರರೋಗ ತಜ್ಞರೇ ಪರೀಕ್ಷಿಸುವುದು. ಸರಳವೆನಿಸಿದರೂ ಇದು ಸುಲಭವಲ್ಲ. ಮದುವೆಯಾಗಬೇಕಾದ ಹೆಣ್ಣುಮಗಳಿಗೆ ಮೂರ್ಛೆ ಬರುತ್ತದೆಂದು ಯಾವ ಮನೆಯವರು ಬಾಯಿಬಿಟ್ಟು ಹೇಳುತ್ತಾರೆ? ಹಿಂದೂ ವಿವಾಹ ಕಾಯಿದೆಯೇ ಮೂರ್ಛೆರೋಗವನ್ನು ಮದುವೆ ರದ್ದಾಗಲು ಒಂದು ಕಾರಣವೆಂದು ಇಟ್ಟುಕೊಂಡಿತ್ತು. ಆ ಮಾತು ತೆಗೆದದ್ದು 1999ರ ತಿದ್ದುಪಡಿಯಲ್ಲಿ.

ಮೂರ್ಛೆ ಬಂದರೆ ಗಾಳಿ ಹಿಡಿಯಿತು, ದೆವ್ವ ಮೆಟ್ಟಿತು ಎನ್ನುವಂಥ ನಂಬಿಕೆಗಳ ವಿರುದ್ಧ ದನಿಯೂ ಇದೇ ತಾಲ್ಲೂಕಿನಿಂದ ಎದ್ದಿತ್ತು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯ ಓದುವ ಹಂಬಲದಿಂದ ಬೆಂಗಳೂರಿಗೆ ನಡೆದೇ ಹೋದವರು; ಭೌತವಿಜ್ಞಾನದಲ್ಲಿ ಅಮೆರಿಕದ ಓಹಿಯೊ ರಾಜ್ಯ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದವರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡ ಮತ್ತು ಮೂಢನಂಬಿಕೆಗಳ ತನಿಖೆಗೆ ಸಮಿತಿ ಮಾಡಿದರು. ಗೌರಿಬಿದನೂರಿನಲ್ಲೂ ಬಾಗೇಪಲ್ಲಿಯಲ್ಲೂ ನ್ಯಾಷನಲ್ ಕಾಲೇಜು ತೆರೆಯುವಂತೆ ನೋಡಿಕೊಂಡರು. ತಾಲ್ಲೂಕಿನಲ್ಲಿ ವಿಜ್ಞಾನವೆಂದರೆ ಬೇಲಿಯೊಳಗಿನ ಯಂತ್ರ ಮಾತ್ರವಲ್ಲ ಎಂಬುದಕ್ಕೆ ಅವರ ಕಾಲೇಜುಗಳು ಭೂಕಂಪಮಾಪಕಗಳಿಗಿಂತ ಒಳ್ಳೆಯ ಸಾಕ್ಷಿ.

ಗೌರಿಬಿದನೂರಿನ ಅನುಭವದ ನಂತರ ಗೌರಿದೇವಿ, ಜಿ. ಗುರುರಾಜ್, ಪಿ. ಸತೀಶ್ಚಂದ್ರ, ಡಿ.ಕೆ. ಸುಬ್ಬಕೃಷ್ಣ ಸೇರಿ ಬೆಂಗಳೂರು ನಗರ ಮತ್ತು ಗ್ರಾಮಾಂತರದಲ್ಲಿ 1,02,557 ಜನರ ಸಮೀಕ್ಷೆ ನಡೆಸಿದರು. 2004ರಲ್ಲಿ ಪ್ರಕಟವಾದ ಅದರ ಫಲಿತಾಂಶ ಹಲವರ ಎಣಿಕೆಯನ್ನು ತಲೆಕೆಳಗು ಮಾಡಿತು. ಒಂದು ಲಕ್ಷ ಜನರಲ್ಲಿ 3,355 ಮಂದಿಗೆ ಒಂದಲ್ಲ ಒಂದು ನರರೋಗ. ಆದರೆ ನಗರದಲ್ಲಿ 2,190, ಹಳ್ಳಿಯಲ್ಲಿ 4,070. ಮೂರ್ಛೆರೋಗವಂತೂ ಹಳ್ಳಿಯಲ್ಲಿ ನಗರದ ಎರಡರಷ್ಟು. ನರರೋಗ ತಜ್ಞರು ಇದ್ದದ್ದು ನಗರದಲ್ಲಿ, ರೋಗ ಹೆಚ್ಚಿದ್ದದ್ದು ಹಳ್ಳಿಯಲ್ಲಿ. ಕರ್ನಾಟಕದ ಸಂಶೋಧಕರು ಬೆಳಕಿಗೆ ತಂದ ಇನ್ನೊಂದು ಬಗೆಯ ಫಿಟ್ಸನ್ನೂ ಇಲ್ಲಿ ಹೇಳಬೇಕು: ತಲೆಗೆ ಬಿಸಿಬಿಸಿ ನೀರು ಹುಯ್ದುಕೊಂಡಾಗ ಬರುವ ಮೂರ್ಛೆ. ಜಗತ್ತಿನ ಬೇರೆ ಕಡೆ ಅಪರೂಪವಾದ ಇದು ಹಂಡೆ ನೀರಿನ ಅಭ್ಯಂಜನದ ಪದ್ಧತಿಯಿರುವ ದಕ್ಷಿಣ ಕರ್ನಾಟಕದಲ್ಲಿ ಸಾಕಷ್ಟು ಕಂಡುಬಂತು. ಬೆಂಗಳೂರಿನ ಡಾ. ಕೆ.ಎಸ್. ಮಣಿ, ಆಮೇಲೆ ನಿಮ್ಹಾನ್ಸ್‌ನ ಸತೀಶ್ಚಂದ್ರ ಇದನ್ನು ವಿವರವಾಗಿ ದಾಖಲಿಸಿದರು. ನೀರಿನ ಬಿಸಿ ತಗ್ಗಿಸುವುದು ಚಿಕಿತ್ಸೆಯ ಮೊದಲ ಹೆಜ್ಜೆ. ಇಷ್ಟು ಅಗ್ಗದ ಉಪಾಯ ನರವಿಜ್ಞಾನದಲ್ಲಿ ಬೇರೆ ಸಿಗುವುದು ಕಷ್ಟ.

ಸಮೀಕ್ಷೆಗಳು ಮುಗಿದರೆ ಸಂಶೋಧಕರು ಗಂಟುಮೂಟೆ ಕಟ್ಟುವುದು ವಾಡಿಕೆ. ಗೌರಿಬಿದನೂರಿನಲ್ಲಿ ಹಾಗಾಗಲಿಲ್ಲ. ನಿಮ್ಹಾನ್ಸ್ ತಂಡ ಊರಿಗೇ ಬಂದು ರೋಗಿಗಳನ್ನು ನೋಡುವ ವಿಸ್ತರಣಾ ಶಿಬಿರಗಳ ಪಟ್ಟಿಯಲ್ಲಿ ಮಂಡ್ಯ, ಮದ್ದೂರು, ಆನೇಕಲ್, ಕನಕಪುರ, ಮಧುಗಿರಿಗಳ ಜೊತೆ ಗೌರಿಬಿದನೂರೂ ಸೇರಿತು. ಫಿಟ್ಸಿನ ಮಾತ್ರೆ ದುಬಾರಿಯಲ್ಲ, ಆದರೆ ವರ್ಷಗಟ್ಟಲೆ ತಪ್ಪದೆ ನುಂಗಬೇಕು. ಮಾತ್ರೆಗಾಗಿ ತಿಂಗಳಿಗೊಂದು ದಿನದ ಕೂಲಿ ಬಿಟ್ಟು ಬೆಂಗಳೂರಿಗೆ ಹೋಗಬೇಕಾದರೆ ಮೂರನೆಯ ತಿಂಗಳಿಗೆ ಬಿಟ್ಟುಹೋಗುತ್ತದೆ. ತಲೆಗೆ ಪೆಟ್ಟುಬಿದ್ದು ಶಸ್ತ್ರಕ್ರಿಯೆಯಾದವರಿಗೂ ಇದೇ ಮಾತು ಅನ್ವಯ. ಇತ್ತ ಚಿಂತಾಮಣಿ ತಾಲ್ಲೂಕಿನ ಕೈವಾರದಲ್ಲಿ ಎಂ.ಎಸ್. ರಾಮಯ್ಯ ವೈದ್ಯಕೀಯ ಕಾಲೇಜಿನ ಗ್ರಾಮೀಣ ಆರೋಗ್ಯ ತರಬೇತಿ ಕೇಂದ್ರ ನೆಲೆಗೊಂಡಿತು.

ಚಿಂತಾಮಣಿಯ ಗಡಿಗೆ ಹೊಂದಿದ, ಕೋಲಾರ ಜಿಲ್ಲೆಯಲ್ಲೇ ಉಳಿದ ಶ್ರೀನಿವಾಸಪುರ ತಾಲ್ಲೂಕಿನಲ್ಲಿ 2018ರಲ್ಲಿ ಮತ್ತೊಂದು ದೊಡ್ಡ ಅಧ್ಯಯನ ಶುರುವಾಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ 45 ವರ್ಷ ದಾಟಿದ 10,000 ಹಳ್ಳಿಗರನ್ನು ವರ್ಷವರ್ಷವೂ ನೋಡುತ್ತ ಹೋಗುವ ಗುರಿ ಇಟ್ಟುಕೊಂಡಿತು. ನೆನಪು, ರಕ್ತದೊತ್ತಡ, ಸಕ್ಕರೆ, ಅನುವಂಶಿಕತೆ, ಮಿದುಳಿನ ಎಂ.ಆರ್.ಐ. ಎಲ್ಲವೂ ಇದರಲ್ಲಿ ಸೇರಿವೆ. ಗೌರಿಬಿದನೂರಿನ ಸಮೀಕ್ಷೆ ಒಂದು ಕಾಲದ ಚಿತ್ರ ತೆಗೆದರೆ, ಶ್ರೀನಿವಾಸಪುರದ್ದು ಅದೇ ಜನ ಮುಪ್ಪಾಗುವುದನ್ನು ಹಿಂಬಾಲಿಸುತ್ತದೆ. ಓದುಬರಹ ಬಾರದವರ ನೆನಪಿನ ಶಕ್ತಿಯನ್ನು ಪರೀಕ್ಷಿಸಲು ಓದಿದವರಿಗೆಂದು ಮಾಡಿದ ಪ್ರಶ್ನೆಪತ್ರಿಕೆ ಉಪಯೋಗವಿಲ್ಲ. ಅದನ್ನು ಹೊಸದಾಗಿ ಹೊಂದಿಸಿಕೊಳ್ಳಬೇಕಾದದ್ದೇ ಇಂಥ ಅಧ್ಯಯನದ ಒಂದು ಭಾಗ.

ಹಳ್ಳಿಗರ ಮಿದುಳಿನ ಆರೋಗ್ಯ ನೋಡುವ ಈ ಕೆಲಸಕ್ಕೆ ಸರ್ಕಾರ ಕೈಜೋಡಿಸಿದ್ದು ತಡವಾಗಿ. 2022ರಲ್ಲಿ ನಿಮ್ಹಾನ್ಸ್ ಮತ್ತು ನೀತಿ ಆಯೋಗದೊಡನೆ ಆರಂಭವಾದ ಕರ್ನಾಟಕ ಮಿದುಳು ಆರೋಗ್ಯ ಕಾರ್ಯಕ್ರಮದ ಪ್ರಾಯೋಗಿಕ ಹಂತಕ್ಕೆ ಬೆಂಗಳೂರಿನ ಜೊತೆ ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳನ್ನು ಆರಿಸಿದರು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಲಕ್ವ, ಮೂರ್ಛೆ, ತಲೆನೋವು, ಮರೆವಿನ ರೋಗಗಳನ್ನು ಗುರುತಿಸುವ ತರಬೇತಿ, ಜಿಲ್ಲಾಸ್ಪತ್ರೆಯಲ್ಲಿ ಮಿದುಳು ಚಿಕಿತ್ಸಾಲಯ ಇದರ ತಿರುಳು. ಹೆಪ್ಪಿನ ಲಕ್ವಕ್ಕೆ ಔಷಧ ಕೊಡಲು ಸಿಗುವ ಅವಧಿ ನಾಲ್ಕೂವರೆ ಗಂಟೆ. ಗೌರಿಬಿದನೂರಿನಿಂದಾಗಲಿ ಚಿಂತಾಮಣಿಯಿಂದಾಗಲಿ ಬೆಂಗಳೂರು ಎಪ್ಪತ್ತು–ಎಂಬತ್ತು ಕಿಲೋಮೀಟರ್. ಆಂಬುಲೆನ್ಸ್ ಸಿಕ್ಕು, ನಗರದ ದಟ್ಟಣೆ ದಾಟುವಷ್ಟರಲ್ಲಿ ಆ ಗಂಟೆಗಳು ಉಳಿದಿದ್ದರೆ ಅದೃಷ್ಟ. ಜಿಲ್ಲಾಸ್ಪತ್ರೆಯಲ್ಲೇ ಸ್ಕ್ಯಾನ್ ಮಾಡಿ ರಕ್ತಸ್ರಾವವೋ ಹೆಪ್ಪೋ ಎಂದು ತಿಳಿದುಕೊಳ್ಳುವುದು ಇದರಿಂದ ಮುಖ್ಯವಾಯಿತು.

ಬಂಡೆ, ಮಿದುಳುಗಳ ನಂತರ ಜಲಜನಕದ, ಅಂದರೆ ಹೈಡ್ರೋಜನ್ನಿನ, ಕಥೆ ಈ ಸೀಮೆಗೆ ಎರಡು ದಾರಿಯಿಂದ ಬಂತು. ಒಂದು ಆಕಾಶದ್ದು. ವಿಶ್ವದ ಮೊದಲ ನಕ್ಷತ್ರಗಳು ಹೊತ್ತಿಕೊಂಡಾಗ ಸುತ್ತಲಿದ್ದ ಹೈಡ್ರೋಜನ್ ಅನಿಲ ಬಿಟ್ಟ ಕ್ಷೀಣ ಗುರುತನ್ನು ಕಂಡೆವೆಂದು 2018ರಲ್ಲಿ ಅಮೆರಿಕದ ವಿಜ್ಞಾನಿಗಳು ಘೋಷಿಸಿದ್ದರು. ಅದನ್ನು ಪರೀಕ್ಷಿಸಲು ರಾಮನ್ ಸಂಸ್ಥೆಯವರು ಸರಸ್ ಎಂಬ ಆಂಟೆನಾವನ್ನು ತೆಪ್ಪದ ಮೇಲೆ ಕೂರಿಸಿ, 2020ರ ಆರಂಭದಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ದಂಡಿಗಾನಹಳ್ಳಿ ಕೆರೆಯಲ್ಲೂ ಶರಾವತಿ ಹಿನ್ನೀರಿನಲ್ಲೂ ತೇಲಿಬಿಟ್ಟರು. ನೆಲದ ಮೇಲಾದರೆ ಮಣ್ಣಿನ ಪದರಗಳು ಅಳತೆಯನ್ನು ಕೆಡಿಸುತ್ತವೆ. ನೀರು ಎಲ್ಲ ಕಡೆ ಒಂದೇ ಸಮ. 2022ರಲ್ಲಿ ಬಂದ ಫಲಿತಾಂಶ ಅಮೆರಿಕನ್ನರು ಹೇಳಿದ ಗುರುತು ಅಲ್ಲಿಲ್ಲ ಎಂದಿತು.

ಇನ್ನೊಂದು ದಾರಿ ಇಂಧನದ್ದು. ಹೆಸರಿನ ಮೊದಲಕ್ಷರದಲ್ಲೇ ಚಿಂತಾಮಣಿಯನ್ನು ಹೊತ್ತ ಚಿಂತಾಮಣಿ ನಾಗೇಶ ರಾಮಚಂದ್ರ ರಾವ್, ಅಂದರೆ ಸಿ.ಎನ್.ಆರ್. ರಾವ್, ಹುಟ್ಟಿದ್ದು 1934ರಲ್ಲಿ ಬೆಂಗಳೂರಿನಲ್ಲಿ. ಘನವಸ್ತುಗಳ ರಸಾಯನವಿಜ್ಞಾನದಲ್ಲಿ ಹೆಸರು ಮಾಡಿದ ಅವರು ತಾವೇ ಕಟ್ಟಿದ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಎಪ್ಪತ್ತು ದಾಟಿದ ಮೇಲೆ ಬಿಸಿಲಿನಿಂದ ನೀರನ್ನು ಒಡೆಯುವ ಕೆಲಸಕ್ಕೆ ತೊಡಗಿದರು. ಟೈಟಾನಿಯಂ ಆಕ್ಸೈಡಿನ ಮೇಲೆ ಬೆಳಕು ಬಿದ್ದರೆ ನೀರು ಒಡೆಯುತ್ತದೆಂದು ಜಪಾನಿನ ಫುಜಿಶಿಮ ಮತ್ತು ಹೊಂಡ 1972ರಲ್ಲೇ ತೋರಿಸಿದ್ದರು. ಆದರೆ ಅದಕ್ಕೆ ಬೇಕಾದ ನೇರಳಾತೀತ ಬೆಳಕು ಬಿಸಿಲಿನಲ್ಲಿ ಅಲ್ಪ. ಕಣ್ಣಿಗೆ ಕಾಣುವ ಬೆಳಕನ್ನೇ ಹೀರುವ ಕ್ಯಾಡ್ಮಿಯಂ ಸಲ್ಫೈಡ್, ದುಬಾರಿ ಪ್ಲಾಟಿನಮ್ಮಿಗೆ ಬದಲಾಗಿ ಮಾಲಿಬ್ಡಿನಂ ಸಲ್ಫೈಡಿನ ಅತಿತೆಳು ಹಾಳೆಗಳು, ಬಿಸಿಲಿನ ಶಾಖದಿಂದ ಲೋಹದ ಆಕ್ಸೈಡುಗಳ ಆಮ್ಲಜನಕ ಹೊರಗಟ್ಟಿ ಮತ್ತೆ ನೀರಿನಿಂದ ತುಂಬಿಸುವ ಎರಡು ಹಂತದ ಕ್ರಮ ಇವು ರಾವ್ ಬಳಗದ ಹುಡುಕಾಟಗಳು. ಇಂಧನ ಸಂಶೋಧನೆಗಾಗಿ ಇಟಲಿಯ ಎನಿ ಪ್ರಶಸ್ತಿ ಅವರಿಗೆ ಬಂತು. ಪ್ರಯೋಗಶಾಲೆಯ ಬೀಕರಿನಲ್ಲಿ ಗುಳ್ಳೆ ಏಳುವುದಕ್ಕೂ ಸಿಲಿಂಡರು ತುಂಬುವುದಕ್ಕೂ ನಡುವೆ ದೂರ ಇನ್ನೂ ಬಹಳವಿದೆ.

ಈ ನಡುವೆ ಬಿಸಿಲು ವಿದ್ಯುತ್ತಾಗಿ ಊರುಗಳಿಗೆ ಬಂತು. ಕರ್ನಾಟಕದ ಆರಂಭದ ಸೌರ ಸ್ಥಾವರಗಳಲ್ಲೊಂದು, 3 ಮೆಗಾವಾಟಿನದು, ಕೋಲಾರ ಜಿಲ್ಲೆಯ ಯಳೇಸಂದ್ರದಲ್ಲಿ ನಿಂತಿತು. ಗೌರಿಬಿದನೂರಿನ ಆಚೆ ಪಾವಗಡದಲ್ಲಿ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೌರ ಉದ್ಯಾನ ಎದ್ದಿತು. ಶಿಡ್ಲಘಟ್ಟದ ರೇಷ್ಮೆ ರೀಲರುಗಳಿಗೆ ಮಾತ್ರ ಬೇಕಾದದ್ದು ವಿದ್ಯುತ್ತಿಗಿಂತ ಶಾಖ. ಗೂಡು ಬೇಯಿಸಿ ನೂಲು ಬಿಚ್ಚುವ ನೀರನ್ನು ಕಾಯಿಸಲು ಸೌದೆ ಉರಿಸುತ್ತ ಬಂದವರು ಅವರು. ಚಿಂತಾಮಣಿಯ ಕುರುಬೂರಿನಲ್ಲಿ 1995ರಲ್ಲಿ ರೇಷ್ಮೆ ಕೃಷಿ ಕಾಲೇಜು ಬಂದು ಹುಳು, ಸೊಪ್ಪುಗಳ ಸಂಶೋಧನೆಗೆ ನೆಲೆಯಾಯಿತು. ಒಲೆಯ ಪ್ರಶ್ನೆ ಬೇರೆಯೇ ಉಳಿಯಿತು.

2023ರ ಜನವರಿಯಲ್ಲಿ ಕೇಂದ್ರ ಸರ್ಕಾರ ಬಿಸಿಲಿನಂಥ ಮೂಲದ ವಿದ್ಯುತ್ತಿನಿಂದ ನೀರು ಒಡೆದು ಜಲಜನಕ ಪಡೆಯುವ 19,744 ಕೋಟಿ ರೂಪಾಯಿಯ ಹಸಿರು ಹೈಡ್ರೋಜನ್ ಯೋಜನೆಗೆ ಒಪ್ಪಿಗೆ ಕೊಟ್ಟಿತು. 2030ಕ್ಕೆ ವರ್ಷಕ್ಕೆ 50 ಲಕ್ಷ ಟನ್ ಗುರಿ. ಒಂದು ಕಿಲೋ ಜಲಜನಕಕ್ಕೆ ರಸಾಯನದ ಲೆಕ್ಕದಲ್ಲೇ 9 ಲೀಟರ್ ನೀರು ಬೇಕು, ಅದೂ ಲವಣ ತೆಗೆದ ಶುದ್ಧ ನೀರು. ಬಿಸಿಲು ಧಾರಾಳವಾಗಿರುವ ಈ ಸೀಮೆಯಲ್ಲಿ ಕೊಳವೆಬಾವಿಗಳು ಸಾವಿರ ಅಡಿ ದಾಟಿವೆ, ಮೇಲೆ ಬರುವ ನೀರಿನಲ್ಲಿ ಫ್ಲೋರೈಡಿದೆ. ಕೆರೆಗಳಿಗೆ ಈಗ ಬರುತ್ತಿರುವುದು ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯ, ಬೆಂಗಳೂರು ಬಳಸಿ ಬಿಟ್ಟು ಶುದ್ಧೀಕರಿಸಿದ ನೀರು. ಅದನ್ನು ಎರಡು ಹಂತದಲ್ಲಿ ಶುದ್ಧೀಕರಿಸಿದರೆ ಸಾಲದು, ಮೂರನೆಯ ಹಂತವೂ ಆಗಬೇಕೆಂದು ರೈತ ಸಂಘಟನೆಗಳು ಹೋರಾಡುತ್ತ ಬಂದಿವೆ.